ಖನಿಜವೋ ರಾಸಾಯನಿಕವೋ: ಮುಂಬಯಿಯ ಬಿಸಿಲಿಗೆ ಯಾವ ಸನ್‌ಸ್ಕ್ರೀನ್?

ಖನಿಜ ಸನ್‌ಸ್ಕ್ರೀನ್ ಚರ್ಮದ ಮೇಲೆ ಕನ್ನಡಿಯಂತೆ ಕುಳಿತು ಬಿಸಿಲನ್ನು ಹಿಂದಕ್ಕಟ್ಟುತ್ತದೆ, ರಾಸಾಯನಿಕ ಸನ್‌ಸ್ಕ್ರೀನ್ ಬಿಸಿಲನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಮೊದಲನೆಯದೇ ಮೇಲು ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಖನಿಜ ಬಗೆಯಲ್ಲಿ ಬಳಸುವ ಝಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್‌ಗಳು ನೇರಳಾತೀತ ಕಿರಣಗಳನ್ನು, ಅಂದರೆ ಬಿಸಿಲಿನಲ್ಲಿ ಕಣ್ಣಿಗೆ ಕಾಣದೆ ಚರ್ಮವನ್ನು ಸುಡುವ ಮತ್ತು ಕಪ್ಪಾಗಿಸುವ ಕಿರಣಗಳನ್ನು, ಪ್ರತಿಫಲಿಸುವುದು ಶೇ. 5ರ ಆಸುಪಾಸಿನಷ್ಟು ಮಾತ್ರ ಎಂಬುದು 2016ರಲ್ಲಿ ಪ್ರಕಟವಾದ ಅಳತೆಗಳಿಂದ ತಿಳಿದುಬಂದಿದ್ದು, ಅವೂ ಮುಖ್ಯವಾಗಿ ಹೀರಿಕೊಂಡೇ ಚರ್ಮವನ್ನು ಕಾಯುತ್ತವೆ. ಝಿಂಕ್ ಆಕ್ಸೈಡ್ ಕೂಡ ರಾಸಾಯನಿಕವೇ ಆಗಿರುವುದರಿಂದ ‘ಕೆಮಿಕಲ್ ಇಲ್ಲದ್ದು’ ಎಂಬ ಮಾತಿಗೆ ಅರ್ಥವಿಲ್ಲ.

ರಾಸಾಯನಿಕ ಬಗೆ ರಕ್ತಕ್ಕೆ ಸೇರುತ್ತದೆ ಎಂಬ ಭಯಕ್ಕೆ ಆಧಾರವಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅವೊಬೆಂಝೋನ್, ಆಕ್ಸಿಬೆಂಝೋನ್ ಮೊದಲಾದವು ರಕ್ತದಲ್ಲಿ ಕಂಡುಬಂದವು; ಆದರೆ ಸೇರುವುದು ಬೇರೆ, ಕೇಡು ಮಾಡುವುದು ಬೇರೆ, ಮತ್ತು ಅದೇ ಸಂಸ್ಥೆ ಹೆಚ್ಚಿನ ಮಾಹಿತಿ ಕೇಳಿತೇ ಹೊರತು ಬಳಕೆ ನಿಲ್ಲಿಸಿರೆಂದು ಜನರಿಗೆ ಹೇಳಲಿಲ್ಲ. ಮಕ್ಕಳಿಗೂ ಬೇಗನೆ ಉರಿ ಏಳುವ ಚರ್ಮದವರಿಗೂ ಖನಿಜ ಬಗೆ ಒಳ್ಳೆಯ ಆಯ್ಕೆ.

ಮುಂಬಯಿಯವರು ನಿಜವಾಗಿ ಗಮನಿಸಬೇಕಾದ ಸಂಗತಿ ಮತ್ತೊಂದು. ಡಬ್ಬಿಯ ಮೇಲಿನ ಎಸ್‌ಪಿಎಫ್ ಎಂಬ ಅಂಕಿ ಮುಖ್ಯವಾಗಿ ಚರ್ಮವನ್ನು ಕೆಂಪಾಗಿಸುವ ಯುವಿ-ಬಿ ಕಿರಣದ ತಡೆಯನ್ನು ಸೂಚಿಸುತ್ತದೆ; 30 ಇದ್ದರೆ ಸುಮಾರು ಶೇ. 97, 50 ಇದ್ದರೆ ಸುಮಾರು ಶೇ. 98 ಭಾಗ ತಡೆಯಾಗುವುದರಿಂದ ಇವುಗಳ ನಡುವಿನ ಅಂತರ ಅಲ್ಪ. ಚರ್ಮದ ಆಳಕ್ಕಿಳಿದು ಕಲೆ, ಸುಕ್ಕುಗಳನ್ನು ತರುವ ಯುವಿ-ಎ ಕಿರಣದ ತಡೆಯನ್ನು ಪಿಎ ಅಕ್ಷರಗಳ ಮುಂದಿನ ಪ್ಲಸ್ ಚಿಹ್ನೆಗಳು ತಿಳಿಸುತ್ತವೆ. ಬೊರಿವಲಿಯಿಂದ ಚರ್ಚ್‌ಗೇಟಿಗೆ ಬೆಳಿಗ್ಗೆ ದಕ್ಷಿಣಾಭಿಮುಖವಾಗಿ ಹೋಗುವ ಲೋಕಲ್ ರೈಲಿನಲ್ಲಿ ಎಡಗಡೆಯ ಕಿಟಕಿ ಪೂರ್ವಕ್ಕಿದ್ದರೆ, ಸಂಜೆ ಉತ್ತರಕ್ಕೆ ಮರಳುವಾಗ ಎಡಗಡೆಯ ಕಿಟಕಿಯೇ ಪಶ್ಚಿಮಕ್ಕಿರುತ್ತದೆ. ಹೀಗೆ ಎರಡು ಹೊತ್ತೂ ರೈಲು ಸಾಗುವ ದಿಕ್ಕಿಗೆ ಮುಖಮಾಡಿ ಎಡಗಡೆಯ ಕಿಟಕಿಯಲ್ಲಿ ಕುಳಿತವರ ಎಡಗೆನ್ನೆಗೇ ಬಿಸಿಲು ಬೀಳುತ್ತದೆ. 2017ರ ಡಿಸೆಂಬರ್ 25ರಂದು ಆರಂಭವಾದ ಎಸಿ ಲೋಕಲ್ ಸೆಕೆಯನ್ನು ತಗ್ಗಿಸಿತು, ಆದರೆ ಸಾಮಾನ್ಯ ಗಾಜು ಯುವಿ-ಬಿಯನ್ನು ಬಹುಪಾಲು ತಡೆದರೂ ಯುವಿ-ಎಯನ್ನು ಬಹಳಷ್ಟು ಒಳಬಿಡುತ್ತದೆ.

ಕಂದು ಚರ್ಮಕ್ಕೆ, ಅದರಲ್ಲೂ ಮಳೆಗಾಲದಲ್ಲಿ, ಸನ್‌ಸ್ಕ್ರೀನ್ ಬೇಡವೆಂಬುದು ಇನ್ನೊಂದು ನಂಬಿಕೆ. ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದ ಮುಂಬಯಿಯಲ್ಲಿ ಸೂರ್ಯ ವರ್ಷಕ್ಕೆ ಎರಡು ಬಾರಿ ನಡುನೆತ್ತಿಗೆ ಬರುತ್ತಾನೆ, ಮೇ ನಡುವಿನಲ್ಲಿ ಒಮ್ಮೆ, ಜುಲೈ ಕೊನೆಯಲ್ಲಿ ಮೋಡದ ಹಿಂದೆ ಇನ್ನೊಮ್ಮೆ. ತೆಳು ಮೋಡವನ್ನು ನೇರಳಾತೀತ ಕಿರಣಗಳು ದಾಟಿ ಬರುತ್ತವೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಸುಟ್ಟಗಾಯವನ್ನು ತಗ್ಗಿಸುತ್ತದೆ ನಿಜ, ಆದರೆ ಕೆನ್ನೆಯ ಮೇಲೆ ಮೂಡುವ ಬಂಗು ಕಂದು ಚರ್ಮದವರನ್ನೇ ಹೆಚ್ಚು ಕಾಡುತ್ತದೆ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಗಾಢವಾಗಿಸುವುದರಿಂದ, ಕಬ್ಬಿಣದ ಆಕ್ಸೈಡ್ ಬೆರೆಸಿ ಚರ್ಮದ ಬಣ್ಣ ತಂದ ಸನ್‌ಸ್ಕ್ರೀನ್ ಬಂಗಿರುವವರಿಗೆ ಹೆಚ್ಚು ಉಪಯುಕ್ತ. ಖನಿಜ ಬಗೆ ಉಳಿಸುವ ಬೂದಿಬಣ್ಣದ ಛಾಯೆಯೂ ಅದರಿಂದ ಮರೆಯಾಗುತ್ತದೆ.

ಡಬ್ಬಿಯ ಮೇಲಿನ ಅಂಕಿ ಪ್ರತಿ ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿ ಅಳೆದದ್ದು; ಜನ ಸಾಮಾನ್ಯವಾಗಿ ಹಚ್ಚಿಕೊಳ್ಳುವುದು ಅದರ ಅರ್ಧ, ಕೆಲವೊಮ್ಮೆ ಕಾಲುಭಾಗ. ಹೀಗಾಗಿ ಬಗೆಯ ಚರ್ಚೆಗಿಂತ ಪ್ರಮಾಣವೇ ದೊಡ್ಡದು. ಮುಖ ಮತ್ತು ಕುತ್ತಿಗೆಗೆ ಎರಡು ಬೆರಳುಗಳ ಉದ್ದದಷ್ಟು ಹಚ್ಚಿ, ಬಯಲಿನಲ್ಲಿರುವಾಗ ಎರಡು ಗಂಟೆಗೊಮ್ಮೆ, ಬೆವರು ಒರೆಸಿಕೊಂಡರೆ ಅದಕ್ಕೂ ಮೊದಲೇ, ಮತ್ತೆ ಹಚ್ಚಲು ಬೇಸರ ತರಿಸದ ಸನ್‌ಸ್ಕ್ರೀನನ್ನು, ಅದು ಯಾವ ಬಗೆಯದೇ ಇರಲಿ, ಕೊಳ್ಳಬೇಕು.