ಉಪ್ಪುಗಾಳಿಯ ಊರಿನಲ್ಲಿ ಮನೆಯ ಕಂಪ್ಯೂಟರ್

ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಕೈಕೊಟ್ಟಾಗ ನಿಜವಾಗಿ ಸುಟ್ಟುಹೋದ ಬಿಡಿಭಾಗ ಸಿಗುವುದು ಕಡಿಮೆ. ದೋಷ ಹೆಚ್ಚಾಗಿ ಎರಡು ಕಡೆ ಇರುತ್ತದೆ: ಒಳಗೆ ಬರುವ ಕರೆಂಟಿನಲ್ಲಿ, ಇಲ್ಲವೇ ಒಂದು ಭಾಗ ಇನ್ನೊಂದಕ್ಕೆ ತಾಗುವ ಜಾಗದಲ್ಲಿ. ಕರಾವಳಿಯಲ್ಲಂತೂ ಇದು ಇನ್ನಷ್ಟು ನಿಜ. ಉಡುಪಿ ಜಿಲ್ಲೆಯ ಕಟಪಾಡಿಯಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಮಟ್ಟುವಿನ ಕಡಲತೀರ. ಪೂರ್ವಕ್ಕೆ ಹೋದರೆ ಕಾರ್ಕಳ, ಅದರಾಚೆ ಘಟ್ಟ. ಕಡಲಿನಿಂದ ಉಪ್ಪುಗಾಳಿ ಬರುತ್ತದೆ, ಘಟ್ಟದ ಕಡೆಯಿಂದ ಗುಡುಗು ಸಿಡಿಲು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಒಣಹವೆಯ ಊರುಗಳಿಗೆಂದು ಬರೆದ ದುರಸ್ತಿ ಸಲಹೆಗಳಲ್ಲಿ ಇವು ಯಾವುವೂ ಲೆಕ್ಕಕ್ಕೆ ಬರುವುದಿಲ್ಲ.

ಪರೀಕ್ಷೆ ಗೋಡೆಯ ಪ್ಲಗ್ಗಿನಿಂದ ಶುರುವಾಗಬೇಕು. ಗುಂಡಿ ಒತ್ತಿದರೂ ಫ್ಯಾನ್ ತಿರುಗದಿದ್ದರೆ, ಯುಪಿಎಸ್ ತಪ್ಪಿಸಿ ಕಂಪ್ಯೂಟರನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿ ನೋಡಬೇಕು, ಕೇಬಲ್ ಬದಲಿಸಬೇಕು. ಮನೆಗಳಲ್ಲಿರುವ 600 ವಿಎ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟಿನ, 7 ಆಂಪಿಯರ್-ಅವರ್ ಸೀಸದ ಬ್ಯಾಟರಿ ಇರುತ್ತದೆ. ಬಿಸಿ ಹವೆಯಲ್ಲಿ ಅದು ಎರಡು ಮೂರು ವರ್ಷಕ್ಕೇ ಸೋಲುತ್ತದೆ. ಹಸಿರು ದೀಪ ಮಾತ್ರ ಮೊದಲಿನ ಹಾಗೆಯೇ ಉರಿಯುತ್ತಿರುತ್ತದೆ. ಕರೆಂಟು ಹೋದ ಕ್ಷಣಕ್ಕೇ ಕಂಪ್ಯೂಟರ್ ಆರಿಹೋದರೆ ಹೆಚ್ಚಾಗಿ ಕೆಟ್ಟಿರುವುದು ಕಂಪ್ಯೂಟರಲ್ಲ, ಯುಪಿಎಸ್ ಬ್ಯಾಟರಿ.

ಯುಪಿಎಸ್‌ನಿಂದ ಮುಂದಿನದು ಎಸ್‌ಎಂಪಿಎಸ್. ವಿದ್ಯುತ್ ಕಂಪನಿ ಮೆಸ್ಕಾಂ ಕೊಡುವ 230 ವೋಲ್ಟಿನ ಎಸಿ ವಿದ್ಯುತ್ತನ್ನು ಅದು 12, 5 ಮತ್ತು 3.3 ವೋಲ್ಟಿನ ಡಿಸಿಯಾಗಿ ಬದಲಿಸುತ್ತದೆ. ಎಸಿ ವಿದ್ಯುತ್ತಿನ ಒಂದು ಆವರ್ತಕ್ಕೆ 20 ಮಿಲಿಸೆಕೆಂಡ್ ಬೇಕು. ಅದಕ್ಕಿಂತ ತುಸು ಕಡಿಮೆ ಹೊತ್ತು ಕರೆಂಟು ಹೋದರೂ ಯಂತ್ರ ನಡೆಯುತ್ತಿರಬೇಕು ಎಂದು ಸುಮಾರು 16 ಮಿಲಿಸೆಕೆಂಡಿಗೆ ಸಾಕಾಗುವಷ್ಟು ವಿದ್ಯುತ್ತನ್ನು ಎಸ್‌ಎಂಪಿಎಸ್‌ನ ದೊಡ್ಡ ಕೆಪಾಸಿಟರ್ ಹಿಡಿದಿಟ್ಟುಕೊಂಡಿರುತ್ತದೆ. ವಯಸ್ಸಾದಂತೆ ಕೆಪಾಸಿಟರಿನ ಒಳಗಿನ ದ್ರವ ಒಣಗುತ್ತದೆ, ಹಿಡಿದಿಡುವ ಶಕ್ತಿ ಇಳಿಯುತ್ತದೆ. ಫ್ರಿಜ್ಜಿನ ಕಂಪ್ರೆಸರ್ ಅಥವಾ ಬಾವಿಯ ಪಂಪು ಶುರುವಾದಾಗಲೆಲ್ಲ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಈ ಕೆಪಾಸಿಟರನ್ನೇ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು.

ಕೆಪಾಸಿಟರುಗಳಿಗೆ ಒಂದು ಕೆಟ್ಟ ಕಾಲವೂ ಬಂದುಹೋಗಿದೆ. 2000ದ ಆಚೀಚೆ ತಯಾರಾದ ಲಕ್ಷಾಂತರ ಮದರ್‌ಬೋರ್ಡುಗಳಲ್ಲಿ ಕೆಪಾಸಿಟರಿನ ನೆತ್ತಿ ಉಬ್ಬಿ, ಸೀಳಿ, ಕಂದು ದ್ರವ ಒಸರತೊಡಗಿತು. ಒಳಗಿನ ದ್ರವದಲ್ಲಿದ್ದ ನೀರು ಅಲ್ಯೂಮಿನಿಯಂ ಜೊತೆ ಸೇರಿ ಹೈಡ್ರೋಜನ್ ಹುಟ್ಟುತ್ತಿತ್ತು. ಅದನ್ನು ತಡೆಯುವ ರಾಸಾಯನಿಕ ಆ ದ್ರವದಲ್ಲಿ ಸರಿಯಾಗಿ ಬೆರೆತಿರಲಿಲ್ಲ. ಯಾರೋ ಸೂತ್ರ ಕದಿಯುವಾಗ ಅರ್ಧವನ್ನಷ್ಟೇ ಕದ್ದರು ಎಂಬ ಕಥೆ ಆಗ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಓಡಾಡಿತು. ಕಥೆ ರೋಚಕವಾಗಿದೆ, ಸಾಬೀತಾಗಿಲ್ಲ. ಈಚಿನ ಬೋರ್ಡುಗಳಲ್ಲಿ ದ್ರವವಿಲ್ಲದ ಪಾಲಿಮರ್ ಕೆಪಾಸಿಟರುಗಳೇ ಹೆಚ್ಚು. ಹಳೆಯ ಯಂತ್ರವಾದರೆ ಮುಚ್ಚಳ ತೆಗೆದು, ಪ್ರೊಸೆಸರಿನ ಸುತ್ತ ನಿಂತ ಸಣ್ಣ ಡಬ್ಬಿಗಳ ನೆತ್ತಿ ಸಮತಟ್ಟಾಗಿದೆಯೇ ಎಂದು ಟಾರ್ಚ್ ಹಿಡಿದು ನೋಡಬಹುದು.

ಸಿಡಿಲಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. ಕರಾವಳಿಯಲ್ಲಿ ಸಿಡಿಲು ಹೆಚ್ಚು ಹೊಡೆಯುವುದು ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲಲ್ಲ. ಏಪ್ರಿಲ್‌ನಿಂದ ಮೇ ಕೊನೆಯ ಪತ್ತನಾಜೆಯ ಆಚೀಚೆಯವರೆಗೆ, ಆಮೇಲೆ ಮಳೆಗಾಲ ಹಿಂದೆ ಸರಿಯುವ ಅಕ್ಟೋಬರಿನಲ್ಲಿ, ಮಧ್ಯಾಹ್ನ ಕಳೆದ ಮೇಲೆ ಘಟ್ಟದ ಕಡೆ ಮೋಡ ಕಟ್ಟಿದಾಗ. ಕಂಪ್ಯೂಟರ್ ಹಾಳಾಗಲು ಸಿಡಿಲು ಮನೆಗೇ ಹೊಡೆಯಬೇಕಾಗಿಲ್ಲ. ಅರ್ಧ ಕಿಲೋಮೀಟರ್ ಆಚೆಯ ತೆಂಗಿನ ಮರಕ್ಕೆ ಬಡಿದರೂ ಸಾಕು, ಕಂಬದಿಂದ ಕಂಬಕ್ಕೆ ಹೋಗುವ ತಂತಿಗಳಲ್ಲಿ ಕ್ಷಣಮಾತ್ರ ಸಾವಿರಾರು ವೋಲ್ಟ್ ಪ್ರೇರಿತವಾಗುತ್ತದೆ. ವಿದ್ಯುತ್ ತಂತಿಯ ಹಾಗೆ ತಾಮ್ರದ ದೂರವಾಣಿ ತಂತಿ ಮತ್ತು ಟಿವಿ ಕೇಬಲ್ಲುಗಳೂ ಅದಕ್ಕೆ ದಾರಿಯೇ. ಗುಡುಗು ಬರುತ್ತಿದೆಯೆಂದು ಪ್ಲಗ್ ಕಿತ್ತಿಟ್ಟರೂ ಮೋಡೆಮ್‌ನಿಂದ ಬರುವ ಲ್ಯಾನ್ ತಂತಿಯನ್ನು ಹಾಗೇ ಬಿಟ್ಟರೆ ಮದರ್‌ಬೋರ್ಡಿನ ಲ್ಯಾನ್ ಪೋರ್ಟ್ ಸುಡುವುದು ಹೀಗೆ. ಈಗ ಮನೆಮನೆಗೆ ಬರುತ್ತಿರುವ ಫೈಬರ್ ಗಾಜಿನ ಎಳೆ. ಅದರಲ್ಲಿ ವಿದ್ಯುತ್ ಹರಿಯದು. ಆದರೆ ಫೈಬರ್ ಮೋಡೆಮ್‌ನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುವುದರಿಂದ ಅದನ್ನೂ ಕೀಳಬೇಕು.

ಸ್ಪೈಕ್ ಗಾರ್ಡ್ ಎಂದು ಮಾರುವ ಪಟ್ಟಿಗಳ ಬಗ್ಗೆ ಇರುವ ಭರವಸೆ ಅತಿಯಾದದ್ದು. ಒಳ್ಳೆಯವುಗಳಲ್ಲಿ ವೇರಿಸ್ಟರ್ ಎಂಬ ಬಿಲ್ಲೆ ಇರುತ್ತದೆ. ವೋಲ್ಟೇಜ್ ಮಿತಿ ಮೀರಿದೊಡನೆ ಅದು ವಿದ್ಯುತ್ತಿಗೆ ಬೇರೆ ದಾರಿ ಮಾಡಿಕೊಡುತ್ತದೆ. ಪ್ರತಿ ಹೊಡೆತಕ್ಕೂ ಅದು ಸ್ವಲ್ಪ ಸವೆಯುತ್ತದೆ, ಸವೆದದ್ದು ಹೊರಗೆ ಕಾಣುವುದಿಲ್ಲ. ಅಗ್ಗದ ಪಟ್ಟಿಗಳಲ್ಲಿ ಆ ಬಿಲ್ಲೆಯೇ ಇರುವುದಿಲ್ಲ. ಇನ್ನು ವೇರಿಸ್ಟರ್ ವಿದ್ಯುತ್ತನ್ನು ಭೂಮಿಗೆ ಇಳಿಸಬೇಕಾದರೆ ಮನೆಗೆ ಅರ್ಥಿಂಗ್ ಇರಬೇಕು.

ಕಟಪಾಡಿ, ಮಣಿಪಾಲ, ಕಾರ್ಕಳಗಳಲ್ಲಿ ಕೆಲಸ ಕೆಡುವುದು ಈ ಅರ್ಥಿಂಗ್‌ನಲ್ಲಿಯೇ. ಈ ಭಾಗದ ನೆಲದಲ್ಲಿ ಹೆಚ್ಚಿನ ಕಡೆ ಇರುವುದು ಮುರಕಲ್ಲು. 1801ರಲ್ಲಿ ದಕ್ಷಿಣ ಕನ್ನಡವನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ, ಅದಕ್ಕೂ ಮೊದಲು ಮಲಬಾರಿನ ಅಂಗಾಡಿಪ್ಪುರಂನಲ್ಲಿ ಈ ಕಲ್ಲನ್ನು ಕಂಡು, 1807ರ ತನ್ನ ಪ್ರವಾಸಗ್ರಂಥದಲ್ಲಿ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಮುರಕಲ್ಲಿನ ಗುಡ್ಡದಲ್ಲಿ ನೀರು ನಿಲ್ಲುವುದಿಲ್ಲ, ತೂತುಗಳ ಮೂಲಕ ಕೆಳಗಿಳಿಯುತ್ತದೆ. ಹಾಗಾಗಿ ಏಪ್ರಿಲ್-ಮೇ ಹೊತ್ತಿಗೆ ಅರ್ಥ್ ಗುಂಡಿ ಪೂರ್ತಿ ಒಣಗಿ, ವಿದ್ಯುತ್ತು ನೆಲಕ್ಕೆ ಇಳಿಯುವ ದಾರಿ ಬಹುಮಟ್ಟಿಗೆ ಮುಚ್ಚಿಹೋಗಿರುತ್ತದೆ. ಸಿಡಿಲಿನ ಕಾಲವೂ ಅದೇ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹೊಯ್ಯುವ ಹಳಬರ ಅಭ್ಯಾಸದಲ್ಲಿ ಪೂರ್ತಿ ವಿಜ್ಞಾನವಿದೆ.

ಅರ್ಥಿಂಗ್ ಇಲ್ಲದಿರುವುದನ್ನು ಕಂಪ್ಯೂಟರೇ ತಿಳಿಸುತ್ತದೆ. ಬರಿಗಾಲಲ್ಲಿ ನೆಲದ ಮೇಲೆ ನಿಂತು ಕ್ಯಾಬಿನೆಟ್ಟಿನ ಲೋಹ ಮುಟ್ಟಿದರೆ ಜುಮ್ಮೆನ್ನುತ್ತದೆ, ಟೆಸ್ಟರ್ ಇಟ್ಟರೆ ಮಂಕಾಗಿ ಉರಿಯುತ್ತದೆ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಲೋಹದ ಪೆಟ್ಟಿಗೆಗೆ ಒಂದೊಂದು ಸಣ್ಣ ಕೆಪಾಸಿಟರ್ ಜೋಡಿಸಿರುತ್ತಾರೆ. ಅವು ರೇಡಿಯೊ ಗದ್ದಲವನ್ನು ಭೂಮಿಗೆ ಕಳುಹಿಸಲಿಕ್ಕಿರುವವು. ಭೂಮಿಯ ಸಂಪರ್ಕವೇ ಇಲ್ಲದಿದ್ದರೆ ಪೆಟ್ಟಿಗೆ 230ರ ಅರ್ಧಕ್ಕೆ, ಅಂದರೆ ಸುಮಾರು 115 ವೋಲ್ಟಿಗೆ ಏರಿ ನಿಲ್ಲುತ್ತದೆ. ಹರಿಯುವ ವಿದ್ಯುತ್ತು ತೀರಾ ಕಡಿಮೆಯಾದ್ದರಿಂದ ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ. ಯುಎಸ್‌ಬಿ ಪೋರ್ಟುಗಳು, ಪ್ರಿಂಟರ್, ಟಿವಿ ಇವಕ್ಕೆ ಅಪಾಯವಿದೆ. ಇದನ್ನು ಸರಿಪಡಿಸಬೇಕಾದವರು ಕಂಪ್ಯೂಟರ್ ಅಂಗಡಿಯವರಲ್ಲ, ವಯರ್‌ಮನ್.

ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಡಿಸ್‌ಪ್ಲೇ ಬರುವುದಿಲ್ಲ: ಮಳೆಗಾಲದಲ್ಲಿ ಅಂಗಡಿಗಳಿಗೆ ಬರುವ ದೂರುಗಳಲ್ಲಿ ಇದು ಬಹಳ ಸಾಮಾನ್ಯವಾದದ್ದು. ಇದರ ಕಾರಣ ತಿಳಿಯಲು ಆಟಿ ತಿಂಗಳಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯನ್ನು ನೋಡಬೇಕು. ಯಾರೂ ನೀರು ಹಾಕದಿದ್ದರೂ ಭರಣಿಯ ತಳದಲ್ಲಿ ನೀರು ನಿಂತಿರುತ್ತದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಸೋಡಿಯಂ ಕ್ಲೋರೈಡ್ ಗಾಳಿಯಿಂದಲೇ ನೀರು ಎಳೆದುಕೊಂಡು ಕರಗತೊಡಗುತ್ತದೆ. ಕಲ್ಲುಪ್ಪಿನಲ್ಲಿ ಅದರ ಜೊತೆಗೆ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ. ಅದು ಶೇಕಡಾ 33ರಲ್ಲೇ ನೀರಾಗಬಲ್ಲದು. ಪುಡಿ ಉಪ್ಪಿಗಿಂತ ಕಲ್ಲುಪ್ಪು ಬೇಗ ಒದ್ದೆಯಾಗುವುದು ಅದಕ್ಕೇ. ಅಲೆ ಒಡೆದಾಗ ಹಾರುವ ಹನಿಗಳು ಗಾಳಿಯಲ್ಲಿ ಒಣಗಿ, ಕಣ್ಣಿಗೆ ಕಾಣದ ಉಪ್ಪಿನ ಕಣಗಳಾಗಿ ಒಳನಾಡಿನವರೆಗೂ ಬರುತ್ತವೆ. ಕಂಪ್ಯೂಟರಿನ ಫ್ಯಾನ್ ವರ್ಷವಿಡೀ ಅವನ್ನು ಒಳಗೆಳೆದು ಮದರ್‌ಬೋರ್ಡಿನ ಮೇಲೆ ಕೂರಿಸುತ್ತದೆ. ಬೇಸಿಗೆಯಲ್ಲಿ ಅದು ಬರಿಯ ಧೂಳು. ಜೂನಿನಿಂದ ಸೆಪ್ಟೆಂಬರಿನವರೆಗೆ ತೇವಾಂಶ ಹೆಚ್ಚಿನ ದಿನ ಶೇಕಡಾ 75ರ ಮೇಲೆಯೇ ಇರುವುದರಿಂದ ಅದೇ ಧೂಳು ಉಪ್ಪುನೀರಿನ ತೆಳು ಪೊರೆಯಾಗುತ್ತದೆ. ಉಪ್ಪುನೀರಿನಲ್ಲಿ ವಿದ್ಯುತ್ತು ಹರಿಯುತ್ತದೆ, ತಾಮ್ರ ಕರಗುತ್ತದೆ.

ಈ ಪೊರೆಯಿಂದ ಮೊದಲು ತೊಂದರೆಗೆ ಸಿಲುಕುವುದು ರ‍್ಯಾಮ್. ಅದರ ಅಂಚಿನ ಹಲ್ಲುಗಳಿಗೆ ಚಿನ್ನದ ಲೇಪವಿದೆ, ಚಿನ್ನಕ್ಕೆ ತುಕ್ಕಿಲ್ಲ. ಆದರೆ ಲೇಪದ ದಪ್ಪ ಒಂದು ಮೈಕ್ರೋಮೀಟರ್ ಕೂಡ ಇಲ್ಲ. ಅದರಲ್ಲಿರುವ ಸೂಕ್ಷ್ಮ ರಂಧ್ರಗಳ ಮೂಲಕ ಕೆಳಗಿನ ನಿಕ್ಕಲ್ ಮತ್ತು ತಾಮ್ರಕ್ಕೆ ತೇವ ತಲುಪುತ್ತದೆ. ಜೊತೆಗೆ, ಯಂತ್ರ ಬಿಸಿಯಾಗಿ ತಣ್ಣಗಾಗುವಾಗಲೆಲ್ಲ ಹಲ್ಲು ಸಾಕೆಟ್ಟಿನಲ್ಲಿ ಕೂದಲೆಳೆಗಿಂತ ಕಡಿಮೆ ಸರಿದು ಉಜ್ಜಿಕೊಳ್ಳುತ್ತದೆ. ಸಂಪರ್ಕ ಸಡಿಲವಾಗುವ ಈ ರೋಗ ಹಳೆಯದು. 1980ರಲ್ಲಿ ಬಂದ ಆಪಲ್ ಥ್ರೀ ಕಂಪ್ಯೂಟರಿನಲ್ಲಿ ಚಿಪ್ಪುಗಳು ಸಾಕೆಟ್ಟಿನಿಂದ ಮೇಲೆದ್ದು ಬರುತ್ತಿದ್ದವು. ಯಂತ್ರವನ್ನು ಎರಡು ಮೂರು ಅಂಗುಲ ಎತ್ತಿ ಮೇಜಿನ ಮೇಲೆ ಬೀಳಿಸಿ ಎಂದು ತಯಾರಕರೇ ಹೇಳಿಕೊಟ್ಟರು. ಈಗ ಅಷ್ಟು ಒರಟುತನ ಬೇಡ. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಉಳಿದ ವಿದ್ಯುತ್ತನ್ನು ಖಾಲಿ ಮಾಡಿ, ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ರ‍್ಯಾಮ್ ತೆಗೆದು ಹಲ್ಲುಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಟಕ್ಕೆಂದು ಕೂರುವಂತೆ ಒತ್ತಿ ಹಾಕಿದರೆ ಅನೇಕ ಸಲ ಡಿಸ್‌ಪ್ಲೇ ಮರಳಿ ಬರುತ್ತದೆ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿ ಎಲ್ಲ ಅಂಗಡಿಗಳಲ್ಲೂ ಇದೆ. ಅದು ಕೆಲಸ ಮಾಡುತ್ತದೆ, ಆದರೆ ಪ್ರತಿ ಸಲವೂ ಸ್ವಲ್ಪ ಚಿನ್ನವನ್ನೂ ಒಯ್ಯುತ್ತದೆ.

ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ, ಒಂದೊಂದು ಸ್ಲಾಟಿನಲ್ಲಿ ಹಾಕಿ ನೋಡಬೇಕು. ಒಮ್ಮೆಗೆ ಒಂದನ್ನೇ ಬದಲಿಸುವುದು ಇಡೀ ದುರಸ್ತಿ ವಿದ್ಯೆಯ ತಳಹದಿ. ನಾಲ್ಕು ವಸ್ತುಗಳನ್ನು ಒಟ್ಟಿಗೆ ಬದಲಿಸಿ ಸರಿಮಾಡಿದವರಿಗೆ ಕೆಟ್ಟದ್ದು ಯಾವುದೆಂದು ಗೊತ್ತಾಗುವುದೇ ಇಲ್ಲ. ಹಣ ಮಾತ್ರ ನಾಲ್ಕಕ್ಕೂ ಹೋಗಿರುತ್ತದೆ.

ಮಳೆಗಾಲದಲ್ಲಿ ಕಂಪ್ಯೂಟರನ್ನು ವಾರಗಟ್ಟಲೆ ಮುಚ್ಚಿಡುವುದು ಅದನ್ನು ಕಾಪಾಡಿದಂತೆ ಅಲ್ಲ. ಓಡುತ್ತಿರುವ ಯಂತ್ರದ ಒಳಗೆ ಕೋಣೆಗಿಂತ ಬಿಸಿ ಹೆಚ್ಚು, ಹಾಗಾಗಿ ತೇವಾಂಶ ಕಡಿಮೆ. ದಿನಕ್ಕೆ ಒಂದರ್ಧ ಗಂಟೆ ಓಡಿಸಿದರೆ ಆ ಪೊರೆ ಒಣಗುತ್ತದೆ. ಪ್ಲಾಸ್ಟಿಕ್ ಹೊದಿಕೆಯನ್ನಂತೂ ಹಾಕಬಾರದು. ಅದು ತೇವವನ್ನು ಒಳಗೇ ಹಿಡಿದಿಡುತ್ತದೆ.

ಬೇಸಿಗೆಯ ಸಮಸ್ಯೆ ಬೇರೆ. ಆಟದ ಅಥವಾ ವಿಡಿಯೊದ ಮಧ್ಯೆ ಯಂತ್ರ ಒಮ್ಮೆಲೇ ಆರಿಹೋದರೆ, ಇಲ್ಲವೇ ಹತ್ತು ನಿಮಿಷದ ನಂತರ ಮಂದವಾದರೆ ಕಾರಣ ಬಿಸಿ. ಸುಮಾರು 100 ಡಿಗ್ರಿ ಸಮೀಪಿಸಿದೊಡನೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಅದೂ ಸಾಲದಿದ್ದರೆ ಯಂತ್ರ ನಿಲ್ಲುತ್ತದೆ. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಟ್ಟಿದ ಧೂಳು ತೆಗೆದರೆ ಬಹುತೇಕ ಗುಣವಾಗುತ್ತದೆ. ಹಳೆಯ ಯಂತ್ರದಲ್ಲಿ ಒಣಗಿದ ಥರ್ಮಲ್ ಪೇಸ್ಟನ್ನೂ ಬದಲಿಸಬೇಕು. ಕ್ಯಾಬಿನೆಟ್ಟನ್ನು ಬಾಗಿಲಿರುವ ಗೂಡಿನೊಳಗೆ ಇಡುವ ಕಂಪ್ಯೂಟರ್ ಟೇಬಲ್ಲುಗಳು ಈ ಹವೆಗೆ ಹೇಳಿ ಮಾಡಿಸಿದವಲ್ಲ. ಹಿಂಬದಿಯ ಹಲಗೆಯನ್ನು ಕಿತ್ತುಹಾಕುವುದೇ ಒಳ್ಳೆಯದು.

ದಿನಾಂಕ ಹಳೆಯ ವರ್ಷಕ್ಕೆ ಜಾರಿ, ಬ್ಯಾಂಕಿನ ಜಾಲತಾಣವೂ ಸುರಕ್ಷಿತವಲ್ಲ ಎಂದು ಬ್ರೌಸರ್ ಹೇಳತೊಡಗಿದರೆ ವೈರಸ್ಸೆಂದು ಹೆದರಬೇಕಿಲ್ಲ. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್ 2032 ಬ್ಯಾಟರಿ ಮುಗಿದಿದೆ. ಜಾಲತಾಣಗಳ ಪ್ರಮಾಣಪತ್ರಕ್ಕೆ ಅವಧಿಯಿರುತ್ತದೆ. ಗಡಿಯಾರ ತಪ್ಪಿದ ಯಂತ್ರಕ್ಕೆ ಎಲ್ಲ ಪ್ರಮಾಣಪತ್ರಗಳೂ ಅವಧಿಯ ಹೊರಗಿನವು.

ನಿಧಾನವಾದ ಕಂಪ್ಯೂಟರಿಗೆ ವೇಗ ಕೊಡುತ್ತೇವೆ ಎನ್ನುವ ತಂತ್ರಾಂಶಗಳ ಜಾಹೀರಾತು ಎಲ್ಲೆಲ್ಲೂ ಇದೆ. ಅವುಗಳಲ್ಲಿ ಹೆಚ್ಚಿನವಕ್ಕೆ ಮಾಡಲು ಏನೂ ಇಲ್ಲ, ಹಳೆಯ ಯಂತ್ರ ನಿಧಾನವಾಗುವುದು ಹೆಚ್ಚಾಗಿ ಹಾರ್ಡ್ ಡಿಸ್ಕಿನಿಂದ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಬೇಕಾದ ಮಾಹಿತಿ ತಲೆಯ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡ್ ಕಾಯಬೇಕು, ಜೊತೆಗೆ ತಲೆ ಸರಿಯುವ ಹೊತ್ತು ಬೇರೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು, ಸರಿಯುವುದು ಎರಡೂ ಇಲ್ಲ. ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಕೆಲಸ ಮುಗಿಯುತ್ತದೆ. ಹತ್ತು ವರ್ಷದ ಯಂತ್ರಕ್ಕೂ ಎಸ್‌ಎಸ್‌ಡಿ ಹಾಕಿದರೆ ಹೊಸತರಂತೆ ಓಡುತ್ತದೆ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತೆಂದು ಅಂಥ ಯಂತ್ರವನ್ನು ಗುಜರಿಗೆ ಹಾಕಬೇಕಿಲ್ಲ, ಲಿನಕ್ಸ್ ಹಾಕಿಕೊಳ್ಳಬಹುದು. ಆದರೆ ಹಳೆಯ ಡಿಸ್ಕ್ ಟಕ್ ಟಕ್ ಎನ್ನತೊಡಗಿದರೆ ಯಾವ ಪರೀಕ್ಷೆಯನ್ನೂ ಓಡಿಸದೆ ಮೊದಲು ಬೇಕಾದ ಕಡತಗಳನ್ನು ನಕಲು ಮಾಡಿಕೊಳ್ಳಬೇಕು. ಪರೀಕ್ಷೆ ಡಿಸ್ಕನ್ನು ಇನ್ನಷ್ಟು ದಣಿಸುತ್ತದೆ.

ಕಡತ ಸಿಕ್ಕಿತು, ತೆರೆಯಿತು, ಆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಕಡತ ಕೆಟ್ಟಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕೆಳಗಿನ ಇಂಗ್ಲಿಷ್ ಎದ್ದುಬರುತ್ತದೆ. ಇಂದು ಲಕ್ಷಾಂತರ ಮಂದಿ ಬಳಸುವ ಕನ್ನಡ ಕೀಲಿಮಣೆಯ ವಿನ್ಯಾಸ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು, ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನ ಕನ್ನಡ ತಂತ್ರಾಂಶವನ್ನು ಮಾಡಿದವರೂ ಅವರೇ. ಕೀಲಿಮಣೆ ಹಾಗೇ ಉಳಿದಿದೆ, ಸಂಕೇತ ಬದಲಾಗಿದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಜಾಗ ಸಿಕ್ಕಿತು, 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಅದನ್ನು ಮನೆಗಳಿಗೆ ತಂದಿತು. ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅಜ್ಜನ ತಾಳಮದ್ದಳೆಯ ಟಿಪ್ಪಣಿ, ದೇವಸ್ಥಾನದ ಲೆಕ್ಕ, ಸಂಘದ ವರದಿ ಹೀಗೆ ನುಡಿಯಲ್ಲೋ ಬರಹದಲ್ಲೋ ಟೈಪು ಮಾಡಿಟ್ಟದ್ದು ಮನೆಯ ಕಂಪ್ಯೂಟರಿನಲ್ಲಿ ಇದ್ದರೆ, ಆ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಅವನ್ನು ಪರಿವರ್ತಿಸಿ, ಪರಿವರ್ತನೆಯಲ್ಲಿ ತಪ್ಪಬಹುದಾದ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಓದಿ ತಿದ್ದಿ, ಎರಡು ಕಡೆ ಉಳಿಸಿಟ್ಟುಕೊಳ್ಳಿ.