ಹಂದರದ ಕೆಳಗಿನ ಮೌನ

1900ರ ಸುಮಾರಿಗೆ ಅಮೇರಿಕದಲ್ಲಿ ಹೆಣ್ಣುಮಕ್ಕಳು ಸಾಮಾನ್ಯವಾಗಿ 22ರ ಆಸುಪಾಸಿನಲ್ಲಿ ಮದುವೆಯಾಗುತ್ತಿದ್ದರು. ತರುಣನು ಆಕೆಯ ಮನೆಗೇ ಬಂದು, ಹಿರಿಯರ ಕಣ್ಣೆದುರಿನಲ್ಲಿಯೇ ಕುಳಿತು ಮಾತನಾಡಿ, ಅವಳ ಮನವೊಲಿಸಿಕೊಂಡ ಬಳಿಕ ತಂದೆಯ ಅನುಮತಿ ಬೇಡುವುದು ಅಲ್ಲಿನ ಮಧ್ಯಮವರ್ಗದ ಶಿಷ್ಟಾಚಾರವಾಗಿತ್ತು. ಅದೇ ಕಾಲದಲ್ಲಿ, ಆಗ ವಿಜಾಪುರವೆನಿಸಿದ್ದ ನಮ್ಮ ವಿಜಯಪುರದ ಸೀಮೆಯಲ್ಲಿ, ತಿಕೋಟಾ ಬಬಲೇಶ್ವರಗಳ ಒಕ್ಕಲು ಮನೆಗಳಲ್ಲಿ, ಮನವೊಲಿಕೆಯೆಲ್ಲ ಹಿರಿಯರ ನಡುವೆಯೇ ಮುಗಿದುಹೋಗುತ್ತಿತ್ತು. ಸೋದರಮಾವನೋ ಸೋದರತ್ತೆಯ ಮಗನೋ ಇದ್ದರಂತೂ ವರಾನ್ವೇಷಣೆಯ ಮಾತೇ ಇಲ್ಲ. ಅದು ಅವರ ಹಕ್ಕು. ಸಕ್ಕರೆ ಹಂಚಿದರೆಂದರೆ ಮಾತು ಗಟ್ಟಿಯಾಯಿತು.

ಜೋಳದ ರಾಶಿ ಮುಗಿದು ಹಗೇವು ತುಂಬಿದ ಮೇಲೆ, ಬೇಸಗೆಯಲ್ಲಿ ಹಂದರ ಏಳುತ್ತಿತ್ತು. ಕುಂಬಾರರ ಮನೆಯಿಂದ ಐರಾಣಿ ಕೊಡಗಳನ್ನು ವಾದ್ಯದೊಡನೆ ತರುವುದು, ನಾಲ್ಕು ಮೂಲೆಗೆ ಚರಿಗೆಯಿಟ್ಟು ನೂಲು ಸುತ್ತಿದ ಸುರಗಿಯೊಳಗೆ ವಧೂವರರನ್ನು ಕೂಡ್ರಿಸಿ ನೀರೆರೆಯುವುದು, ಬಾಸಿಂಗ ಕಟ್ಟುವುದು, ಒಂದೇ ತಾಟಿನಲ್ಲಿ ಭೂಮ ಉಣ್ಣಿಸುವುದು — ಜಾತಿಯಿಂದ ಜಾತಿಗೆ ವಿವರಗಳು ಬೇರೆಯಾದರೂ ಸಡಗರವೊಂದೇ. ಈ ಗದ್ದಲದಲ್ಲೆಲ್ಲ ಬಾಯಿ ತೆರೆಯದವಳು ಮದುವಣಗಿತ್ತಿ ಒಬ್ಬಳೇ.

ಅವಳ ಬಾಯಿ ತೆರೆಸುವ ಶಾಸ್ತ್ರವೊಂದಿತ್ತು: ಗಂಡನ ಹೆಸರು ಹೇಳಿಸುವುದು. ಬಾಗಿಲಿಗೆ ಅಡ್ಡ ನಿಂತ ನಾದಿನಿಯರು ಹೆಸರು ಹೇಳಿದ ಹೊರತು ಒಳಗೆ ಬಿಡರು. ಹೆಸರನ್ನು ಒಡಪಿನೊಳಗೆ ಹುದುಗಿಸಿ, ಪ್ರಾಸ ಕೂಡಿಸಿ, ನಾಚುತ್ತ ನುಡಿಯಬೇಕು. ಆಮೇಲೆ ಬಾಳೆಲ್ಲ ಆ ಹೆಸರನ್ನು ಬಾಯಲ್ಲಿ ತರುವಂತಿಲ್ಲ! ನಮ್ಮಲ್ಲಿ ಪ್ರಣಯವೆಂಬುದೇನಾದರೂ ಇದ್ದರೆ ಅದು ಮದುವೆಯ ಅನಂತರ, ಈ ಒಡಪಿನಿಂದಲೇ ಮೊದಲಾಗುತ್ತಿತ್ತೆಂದು ನನ್ನೆಣಿಕೆ.

ಆದರೆ ಒಡಪು ನುಡಿಯುವ ಬಾಯಿ ಎಷ್ಟು ಎಳೆಯದು! ಮೈನೆರೆಯುವ ಮೊದಲೇ ತಾಳಿ ಕಟ್ಟಿಸಿಕೊಂಡು, ಪ್ರಸ್ತವಾಗುವವರೆಗೆ ತವರಿನಲ್ಲಿರುವ ಹುಡುಗಿಯರೇ ಬಹಳ. 1891ರ ಕಾಯಿದೆ ದಾಂಪತ್ಯದ ವಯಸ್ಸನ್ನು 10ರಿಂದ 12ಕ್ಕೆ ಏರಿಸಿತೇ ಹೊರತು ಮದುವೆಯ ವಯಸ್ಸನ್ನು ಮುಟ್ಟಲಿಲ್ಲ. ಹೆಣ್ಣಿಗೆ 14 ತುಂಬಲೇಬೇಕೆಂದ 1929ರ ಶಾರದಾ ಕಾಯಿದೆ ಜಾರಿಗೆ ಬಂದುದು 1930ರ ಏಪ್ರಿಲಿನಲ್ಲಿ.

ಕಾಯಿದೆಯ ಮುಂದೆ ಆ ಹುಡುಗಿ ಏನನ್ನೂ ಹೇಳಿಕೊಂಡವಳಲ್ಲ. ಹೇಳಿಕೊಂಡದ್ದು ನಸುಕಿನಲ್ಲಿ, ಬೀಸುಕಲ್ಲಿನೆದುರು. ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು ಅಂಥ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚುಹಾಕಿಸಿದರು. ತವರಿನ ಹಂಬಲ, ಅತ್ತೆಮನೆಯ ಬೇಗೆ, ತಾಯಿಯ ನೆನಪು ಅಂಥ ತ್ರಿಪದಿಗಳ ತುಂಬ ಹರಡಿವೆ. ಪಂಚಮಿಗೆ ಕರೆಯಲು ಬರುವ ಅಣ್ಣನ ದಾರಿಯನ್ನೇ ಆ ಕಣ್ಣುಗಳು ಮತ್ತೆ ಮತ್ತೆ ಕಾಯುತ್ತವೆ.