ಹ್ಯಾಸ್ಕೆಲ್ (ಪ್ರೋಗ್ರಾಮಿಂಗ್ ಭಾಷೆ)

ಹ್ಯಾಸ್ಕೆಲ್ ಒಂದು ಶುದ್ಧ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಯಾಗಿದೆ. ಅಮೆರಿಕದ ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರನ್ನು ಇದಕ್ಕೆ ಇಡಲಾಗಿದೆ. 1987ರಲ್ಲಿ ಸಂಶೋಧಕರ ಸಮಿತಿಯೊಂದು ಇದರ ವಿನ್ಯಾಸಕ್ಕೆ ತೊಡಗಿತು; ಭಾಷೆಯ ಮೊದಲ ವಿವರಣೆ 1990ರಲ್ಲಿ ಪ್ರಕಟವಾಯಿತು. ಜಾವಾ, ಪೈಥಾನ್‌ಗಳಿಗೆ ಹೋಲಿಸಿದರೆ ಇದರ ಬಳಕೆದಾರರು ಬಹಳ ಕಡಿಮೆ, ಉದ್ಯೋಗಾವಕಾಶಗಳೂ ಕಡಿಮೆ. ಆದರೂ ಇದನ್ನು ಇಷ್ಟಪಟ್ಟು ಕಲಿಯುವ ತಂತ್ರಜ್ಞರು ಎಲ್ಲೆಡೆ ಇದ್ದಾರೆ. ಬೆಂಗಳೂರಿನ ಆಟೋ ಸೇವೆಯೊಂದು ಇದೇ ಭಾಷೆಯನ್ನು ಆಧರಿಸಿದೆ.

ಆಕರ್ಷಣೆಯ ಕಾರಣಗಳು

ಮುಖ್ಯ ಕಾರಣ ಇದರ ಟೈಪ್ ವ್ಯವಸ್ಥೆ. ಹಿರಿಯೂರಿನಿಂದ ಹೊಸದುರ್ಗಕ್ಕೆ ಬಸ್ ದರ ಲೆಕ್ಕ ಹಾಕುವ ಒಂದು ಪ್ರೋಗ್ರಾಂ ಇದೆ ಎಂದುಕೊಳ್ಳೋಣ. ಪ್ರಯಾಣದ ದೂರ, ಅರ್ಧ ಟಿಕೆಟ್ ನಿರ್ಧರಿಸಲು ಬೇಕಾದ ಮಗುವಿನ ವಯಸ್ಸು, ಎರಡೂ ಬರಿಯ ಸಂಖ್ಯೆಗಳೇ. ಬರೆಯುವಾಗ ಅವು ಅದಲುಬದಲಾದರೆ ಅನೇಕ ಭಾಷೆಗಳಲ್ಲಿ ಪ್ರೋಗ್ರಾಂ ತಡೆಯಿಲ್ಲದೆ ನಡೆದು ತಪ್ಪು ದರವನ್ನು ಕೊಡುತ್ತದೆ. ಹ್ಯಾಸ್ಕೆಲ್‌ನಲ್ಲಿ ದೂರ ಮತ್ತು ವಯಸ್ಸನ್ನು ಬೇರೆ ಬೇರೆ ಟೈಪ್‌ಗಳೆಂದು ಘೋಷಿಸಲು ತಲಾ ಒಂದು ಸಾಲು ಸಾಕು. ಆಮೇಲೆ ಅದಲುಬದಲಾದರೆ ಕಂಪೈಲರ್ ಪ್ರೋಗ್ರಾಂ ಅನ್ನೇ ತಿರಸ್ಕರಿಸುತ್ತದೆ. ಹೀಗೆ, ಪ್ರಯಾಣಿಕರ ಕೈಗೆ ತಲುಪಬಹುದಾಗಿದ್ದ ತಪ್ಪು ಬರೆದವರ ಮೇಜಿನ ಮೇಲೆಯೇ ಸಿಕ್ಕಿಬೀಳುತ್ತದೆ.

ಎರಡನೆಯದು ಶುದ್ಧತೆ. ಗಣಿತದಲ್ಲಿರುವಂತೆ ಇಲ್ಲಿಯೂ ಒಂದು ಫಂಕ್ಷನ್‌ಗೆ ಅದೇ ಮೌಲ್ಯ ಕೊಟ್ಟರೆ ಅದೇ ಉತ್ತರ ಬರುತ್ತದೆ. ಕಡತ ಓದುವುದು, ಜಾಲಕ್ಕೆ ಸಂದೇಶ ಕಳುಹಿಸುವುದು ಮುಂತಾದ ಕೆಲಸಗಳು ಫಂಕ್ಷನ್‌ನ ಟೈಪ್‌ನಲ್ಲಿಯೇ ಕಾಣಿಸುತ್ತವೆ. ಬೇರೊಬ್ಬರು ಬರೆದ ಹಳೆಯ ಕೋಡ್ ಅನ್ನು ತಿದ್ದಬೇಕಾದವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಕೌಶಲದ ಗುರುತು ಎಂಬ ಕಾರಣವೂ ಉಂಟು. ಕೆಲಸಕ್ಕಾಗಿ ಅಲ್ಲದೆ ಆಸಕ್ತಿಯಿಂದ ಅಪರೂಪದ ಭಾಷೆ ಕಲಿತವರು ಉತ್ತಮ ಪ್ರೋಗ್ರಾಮರ್‌ಗಳಾಗಿರುವ ಸಂಭವ ಹೆಚ್ಚು ಎಂದು ಪಾಲ್ ಗ್ರಹಾಂ 2004ರಲ್ಲಿ ವಾದಿಸಿದರು. ಅವರು ಆಗ ಉದಾಹರಿಸಿದ ಅಪರೂಪದ ಭಾಷೆ ಪೈಥಾನ್!

ಕರ್ನಾಟಕದಲ್ಲಿ ಬಳಕೆ

2022ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ 'ನಮ್ಮ ಯಾತ್ರಿ' ಆಟೋ ಆ್ಯಪ್‌ನ ಸರ್ವರ್ ಭಾಗವನ್ನು ಹ್ಯಾಸ್ಕೆಲ್‌ನಲ್ಲಿ ಬರೆಯಲಾಗಿದೆ. ಇದನ್ನು ರೂಪಿಸಿದ್ದು ಬೆಂಗಳೂರಿನ ಪಾವತಿ ತಂತ್ರಜ್ಞಾನ ಸಂಸ್ಥೆ ಜಸ್‌ಪೇ. ಆ್ಯಪ್‌ನ ಮುಂಭಾಗಕ್ಕೆ ಹ್ಯಾಸ್ಕೆಲ್ ಅನ್ನೇ ಹೋಲುವ ಪ್ಯೂರ್‌ಸ್ಕ್ರಿಪ್ಟ್ ಭಾಷೆಯನ್ನು ಬಳಸಲಾಯಿತು. ಇದರ ಕೋಡ್ ಮುಕ್ತವಾಗಿರುವುದರಿಂದ ಚಿತ್ರದುರ್ಗದಲ್ಲಿಯೋ ಹೊಳಲ್ಕೆರೆಯಲ್ಲಿಯೋ ಕುಳಿತ ವಿದ್ಯಾರ್ಥಿಯೂ ಶುಲ್ಕವಿಲ್ಲದೆ ಅದನ್ನು ಇಳಿಸಿಕೊಂಡು ಓದಬಹುದು. ಪಠ್ಯಪುಸ್ತಕದ ಪುಟ್ಟ ಉದಾಹರಣೆಗಳಿಗಿಂತ ಇದು ಹೆಚ್ಚು ಕಲಿಸಬಲ್ಲದು.

ಮಿತಿಗಳು

ಮೊನಾಡ್‌ನಂತಹ ಪರಿಕಲ್ಪನೆಗಳು ಹೊಸಬರಿಗೆ ಕಠಿಣ. ಬೇಕಾಗುವವರೆಗೂ ಲೆಕ್ಕವನ್ನು ಮುಂದೂಡುವ ಇದರ ಕ್ರಮದಿಂದ ಕೆಲವೊಮ್ಮೆ ಮೆಮೊರಿ ಬಳಕೆ ಅನಿರೀಕ್ಷಿತವಾಗಿ ಏರುತ್ತದೆ. ಕೇವಲ ಉದ್ಯೋಗವನ್ನು ಗುರಿಯಾಗಿಟ್ಟುಕೊಂಡವರಿಗೆ ಇದು ಮೊದಲ ಆಯ್ಕೆಯಲ್ಲ. ಆದರೆ ಇದರ ವಿಚಾರಗಳು ಬೇರೆ ಭಾಷೆಗಳಿಗೂ ಹರಡಿವೆ: ರಸ್ಟ್‌ನ ಟ್ರೇಟ್‌ಗಳಿಗೆ ಇದರ ಟೈಪ್ ಕ್ಲಾಸ್‌ಗಳು ಪ್ರೇರಣೆ; ಪೈಥಾನ್‌ನ ಲಿಸ್ಟ್ ಕಾಂಪ್ರಹೆನ್ಷನ್ ಕೂಡ ಹ್ಯಾಸ್ಕೆಲ್‌ನಿಂದ ಪಡೆದದ್ದೇ.